ಅನ್ವಿತಾಳ ಬಲಗಣ್ಣು

2025ರ ನವೆಂಬರ್ 14, ಶುಕ್ರವಾರ ಬೆಳಗ್ಗೆ ಎಂಟೂವರೆಗೆ ಕೊಚ್ಚಿಯ ಕಲೂರ್ ಬಸ್ ನಿಲ್ದಾಣದ ಹಿಂದಿನ ಪೊಲೀಸ್ ಠಾಣೆಗೆ ದೂರೊಂದು ಬಂತು. ತಂದವರು ಕಾಶೀನಾಥ, ವಯಸ್ಸು ಅರವತ್ತಾರು, ನಿವೃತ್ತ ಬ್ಯಾಂಕ್ ಅಧಿಕಾರಿ, ತಿರುವನಂತಪುರದ ಉಳ್ಳೂರ್ ನಿವಾಸಿ. ಅವರ ಮಗಳು ಅನ್ವಿತಾ ವೃತ್ತಿಪರ ಬಾಕ್ಸರ್. ಹಿಂದಿನ ಸಂಜೆ ಕಲೂರಿನ ಸಭಾಂಗಣವೊಂದರಲ್ಲಿ ಜನರೆದುರು ಅಭ್ಯಾಸ ಮಾಡುವಾಗ, ಹೊಡೆತಕ್ಕೆ ಚರ್ಮ ಒಡೆಯದಿರಲೆಂದು ಅವಳ ಹುಬ್ಬಿಗೆ ಹಚ್ಚಿದ್ದ ವ್ಯಾಸಲೀನ್ ಬೆವರಿನೊಂದಿಗೆ ಇಳಿದು ಬಲಗಣ್ಣನ್ನು ಸುಟ್ಟಿತ್ತು. ದೃಷ್ಟಿ ಉಳಿಯುವುದೋ ಇಲ್ಲವೋ ಎಂಬುದನ್ನು ಎರಡು ದಿನ ಕಳೆಯದೆ ಹೇಳಲಾಗದು ಎಂದಿದ್ದರು ವೈದ್ಯರು. ಒಂದು ಕಣ್ಣು ಹೋದ ಬಾಕ್ಸರಿಗೆ ಯಾವ ದೇಶದಲ್ಲೂ ಪರವಾನಗಿ ಇಲ್ಲ.

ಕಂಪ್ಯೂಟರಿನ ಮುಂದಿದ್ದ ಕಾನ್‌ಸ್ಟೆಬಲ್ ಸಚಿನ್ ಎಫ್‌ಐಆರ್‌ನ ಖಾನೆಗಳನ್ನು ಒಂದೊಂದಾಗಿ ತುಂಬುತ್ತ ಬಂದು ಒಂದು ಕಡೆ ನಿಂತ.

"ನ್ಯಾಷನಾಲಿಟಿ?"

ಕಾಶೀನಾಥರು ತಮಗೇ ಹೇಳಿಕೊಂಡಂತೆ, ಕನ್ನಡದಲ್ಲಿ, "ನಂದು ಕೇಳ್ತೀಯೋ ತಮ್ಮಾ, ಆಕೀದು ಕೇಳ್ತೀಯೋ?" ಎಂದರು.

ಒಳಗಿನ ಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಪಂಕಜಾ ಆ ಮಾತಿಗೆ ಎದ್ದು ಬಂದಳು. ಕಾಸರಗೋಡಿನ ಕುಂಬಳೆ ಕಡೆಯವಳು ಅವಳು. ಹತ್ತೊಂಬತ್ತು ವರ್ಷ ಕೇರಳ ಪೊಲೀಸಿನಲ್ಲಿ ದುಡಿದ ಮೇಲೂ ಅವಳ ಮಲಯಾಳ ಕೇಳಿದವರು, ಮೇಡಂ ಕರ್ನಾಟಕದವರಾ ಎಂದು ವಿಚಾರಿಸುವುದನ್ನು ಬಿಟ್ಟಿರಲಿಲ್ಲ. ಕಾಸರಗೋಡು ಕೇರಳದಲ್ಲೇ ಇದೆ ಎಂದು ಹೇಳಿ ಹೇಳಿ ಅವಳ ನಾಲಗೆ ಸವೆದಿತ್ತು. ಕಾಶೀನಾಥರನ್ನು ಒಳಗೆ ಕರೆದು ಕೂರಿಸಿ, ಚಹಾ ತರಿಸಿ, ಕನ್ನಡದಲ್ಲೇ ಕೇಳತೊಡಗಿದಳು. ಧಾರವಾಡದಿಂದ ಬಂದು ಉಳ್ಳೂರಿನಲ್ಲಿ ನೆಲೆಸಿದ್ದ ಆ ಮುದುಕರ ಕಣ್ಣಲ್ಲಿ ನೀರು ಬಂದದ್ದು ಆಗಲೇ. ಅದುವರೆಗೆ ಅವರು ಅತ್ತಿರಲಿಲ್ಲ.

ಅವರು ಹೇಳಿದ್ದಿಷ್ಟು. ಅನ್ವಿತಾ ಹುಟ್ಟಿ ಬೆಳೆದದ್ದು ಉಳ್ಳೂರಿನಲ್ಲಿ. ಒಂಬತ್ತನೆಯ ವಯಸ್ಸಿಗೆ, ಅಲ್ಲೇ ಹತ್ತಿರದ ತುಂಬ ಎಂಬ ಊರಿನ ಕಡಲತಡಿಯಲ್ಲಿ ಬಾಕ್ಸಿಂಗ್ ಕಲಿಸುತ್ತಿದ್ದ ಕಾರ್ತಿಕೇಯನ್ ಮಾಸ್ಟರರ ಶೆಡ್ಡಿಗೆ ಸೇರಿದಳು. ಹತ್ತೊಂಬತ್ತಕ್ಕೆ ರಾಷ್ಟ್ರೀಯ ಶಿಬಿರದ ಬಾಗಿಲಿನವರೆಗೆ ಹೋದಳು. ಬಾಗಿಲು ತೆರೆಯಲಿಲ್ಲ.

"ಇಲ್ಲಿ ಆಯ್ಕೆ ಮಾಡೋರು ಅಂದ್ರು, ನೀವು ಕರ್ನಾಟಕದವರು, ಅಲ್ಲಿಂದ ಬರ್ರಿ ಅಂತ. ಅಲ್ಲಿಗೆ ಹೋದ್ವಿ. ಅವರಂದ್ರು, ಹುಡುಗಿ ಹುಟ್ಟಿದ್ದು ಕೇರಳದಾಗ, ಅಲ್ಲೇ ಆಡ್ಲಿ. ಎರಡು ವರ್ಷ ತಿರುಗಿದ್ವಿ ನೋಡ್ರಿ, ಕಾಲ್ಚೆಂಡು ಆಗಿದ್ವಿ."

ಆಮೇಲೆ ಅವಳು ಫಿಸಿಯೊಥೆರಪಿ ಓದಲು ಬರ್ಮಿಂಗ್‌ಹ್ಯಾಮಿಗೆ ಹೋದಳು. ಅಲ್ಲಿ ಕೆಲಸಕ್ಕೆ ಸೇರಿ, ವೃತ್ತಿಪರ ಬಾಕ್ಸರ್ ಆದಳು. ವೀಸಾ ತಡವಾಗಿ ಕೈಗೆ ಬಂದು ಮೂರು ದೇಶಗಳಲ್ಲಿ ಮೂರು ಪಂದ್ಯ ಕಳೆದುಕೊಂಡ ಮೇಲೆ, ಕಳೆದ ವರ್ಷ ಬ್ರಿಟನ್ನಿನ ಪೌರತ್ವ ತೆಗೆದುಕೊಂಡಳು. ಅದರೊಂದಿಗೆ ಭಾರತದ್ದು ತಾನಾಗಿಯೇ ಹೋಯಿತು. ಎರಡನ್ನೂ ಇಟ್ಟುಕೊಳ್ಳಲು ನಮ್ಮ ಕಾನೂನು ಬಿಡುವುದಿಲ್ಲ.

ಶನಿವಾರಕ್ಕೆ ಅವಳ ಪಂದ್ಯ ನಿಗದಿಯಾಗಿದ್ದದ್ದು ತುಂಬದ ಗ್ರೇಸಿಯೊಂದಿಗೆ. ಗ್ರೇಸಿಯೂ ಅದೇ ಮಾಸ್ಟರರ ಶಿಷ್ಯೆ. ಇಬ್ಬರೂ ಒಂದೇ ಶೆಡ್ಡಿನಲ್ಲಿ ಮೂಗು ಒಡೆದುಕೊಂಡವರು. ಆದರೆ ಸಂಘಟಕರು ಊರ ತುಂಬ ಅಂಟಿಸಿದ ಪೋಸ್ಟರಿನಲ್ಲಿ ಗ್ರೇಸಿಯ ಹಿಂದೆ ತ್ರಿವರ್ಣ, ಅನ್ವಿತಾಳ ಹಿಂದೆ ಬ್ರಿಟನ್ನಿನ ಧ್ವಜ. ಟಿ.ವಿ.ಯಲ್ಲಿ ವಾರವಿಡೀ ಚರ್ಚೆ. ಇವಳಿಗೆ ಇಲ್ಲಿ ಹೊಡೆದಾಡುವ ಹಕ್ಕಿದೆಯೇ, ತಾಯ್ನಾಡನ್ನು ಮಾರಿದವಳಲ್ಲವೇ? ಗುರುವಾರದ ಅಭ್ಯಾಸಕ್ಕೆ ಬಂದ ಹುಡುಗರು "ಮದಾಮ್ಮಾ, ತಿರಿಚ್ಚು ಪೋ" ಎಂದು ಕೂಗುತ್ತಿದ್ದರಂತೆ. ಬಿಳಿ ಹೆಂಗಸೇ, ಹಿಂದಕ್ಕೆ ಹೋಗು. ಅವಳು ಎಣ್ಣೆಗಪ್ಪು. ಹಾಗಾಗಿ ಆ ಕೂಗಿಗೆ ನಗುವೂ ಸೇರಿಕೊಂಡಿತ್ತು.

ಎಫ್‌ಐಆರ್ ದಾಖಲಾಯಿತು. ದಾಹಕ ವಸ್ತುವಿನಿಂದ ತೀವ್ರ ಗಾಯ. ಗಾಯಾಳುವಿನ ವಿವರದ ಖಾನೆಯಲ್ಲಿ ಸಚಿನ್ 'ಬ್ರಿಟಿಷ್' ಎಂದು ಬರೆದ. ಕಾಶೀನಾಥರು ಅದನ್ನು ಓದಿ ಸಹಿ ಹಾಕಿದರು.

ಹತ್ತೂವರೆಗೆ ಪಂಕಜಾ ಸಭಾಂಗಣಕ್ಕೆ ಹೋದಳು. ಅನ್ವಿತಾಳ ಕೆಂಪು ಚೀಲ ರಿಂಗಿನ ಮೂಲೆಯಲ್ಲಿ ಇದ್ದಂತೆಯೇ ಇತ್ತು. ಇಬ್ಬರು ಪಂಚರ ಎದುರು ಮಹಜರು ನಡೆಯಿತು. ಟವೆಲ್, ನೀರಿನ ಬಾಟಲಿ, ಕೈಗೆ ಸುತ್ತುವ ಪಟ್ಟಿ, ವ್ಯಾಸಲೀನಿನ ಡಬ್ಬಿ. ಡಬ್ಬಿಯೊಳಗಿನ ಜಿಡ್ಡು ತುಸು ಕಂದಾಗಿತ್ತು. ಪಂಕಜಾ ಮೂಸಿ ನೋಡಿದಳು. ಎಲ್ಲೋ ಪರಿಚಯದ ವಾಸನೆ. ಆದರೆ ನೆನಪು ಕೈಗೆ ಸಿಗಲಿಲ್ಲ.

ಅದು ಸಿಕ್ಕಿದ್ದು ಆಸ್ಪತ್ರೆಯಲ್ಲಿ. ಅನ್ವಿತಾಳ ಬಲಗಣ್ಣಿಗೆ ಪಟ್ಟಿ ಕಟ್ಟಿದ್ದರು. ಅದರ ಮೇಲಂಚಿನಲ್ಲಿ ಹುಬ್ಬು ಕಾಣುತ್ತಿತ್ತು. ನೀರು ತುಂಬಿದ ಗುಳ್ಳೆಗಳು, ಗುಳ್ಳೆಗಳ ಸುತ್ತ ಕಪ್ಪು ಅಂಚು. ಪಂಕಜಾ ಬಾಗಿ ನೋಡಿದವಳು ಹಾಗೇ ನಿಂತುಬಿಟ್ಟಳು. ಏಪ್ರಿಲ್ ತಿಂಗಳಲ್ಲಿ ಹಸಿ ಗೇರುಬೀಜ ಸುಟ್ಟು ಒಡೆಯಲು ಹೋದ ಕುಂಬಳೆಯ ಮಕ್ಕಳೆಲ್ಲರ ತುಟಿ, ಕೆನ್ನೆ, ಬೆರಳಿನ ಮೇಲೆ ಈ ಕಲೆ ಇರುತ್ತಿತ್ತು. ಅವಳ ಬಲ ಮೊಣಕೈಯಲ್ಲಿ ಈಗಲೂ ಇದೆ. ಗೇರಿನ ಸಿಪ್ಪೆಯ ಎಣ್ಣೆ. ಹಚ್ಚಿದ ಕೂಡಲೇ ಏನೂ ಅನ್ನಿಸುವುದಿಲ್ಲ. ಚರ್ಮ ಕಪ್ಪಾಗಿ ಏಳುವುದು ಆಮೇಲೆ. ಕಣ್ಣಿಗೆ ಮಾತ್ರ ಆ ಸಮಾಧಾನವಿಲ್ಲ.

"ಇದು ಗೇರಿನ ಸೊನೆ," ಎಂದಳು ವೈದ್ಯರಿಗೆ. ಅವರು ಬರೆದುಕೊಂಡರು. ಡಬ್ಬಿ ಪ್ರಯೋಗಾಲಯಕ್ಕೆ ಹೋಯಿತು.

ಅನ್ವಿತಾ ಮಾತಾಡಿದ್ದು ಹೆಚ್ಚಾಗಿ ಮಲಯಾಳದಲ್ಲಿ. ಅಪ್ಪ ಕನ್ನಡದಲ್ಲಿ ಕೇಳಿದರೂ ಉತ್ತರ ಮಲಯಾಳದಲ್ಲೇ ಬರುತ್ತಿತ್ತು. ಡಬ್ಬಿ ತನ್ನದೇ, ಬರ್ಮಿಂಗ್‌ಹ್ಯಾಮಿನಿಂದ ತಂದದ್ದು. ಮಂಗಳವಾರ ಬೆಳಗ್ಗೆ ತುಂಬದ ಶೆಡ್ಡಿನಲ್ಲಿ ಹಳೆಯ ನೆನಪಿಗೆಂದು ಅಭ್ಯಾಸ ಮಾಡುವಾಗ ಅದನ್ನೇ ಹಚ್ಚಿಕೊಂಡಿದ್ದಳು. ಏನೂ ಆಗಿರಲಿಲ್ಲ. ಮಧ್ಯಾಹ್ನ ಚೀಲವನ್ನು ಶೆಡ್ಡಿನಲ್ಲೇ ಬಿಟ್ಟು ಗ್ರೇಸಿಯ ಮನೆಗೆ ಊಟಕ್ಕೆ ಹೋದಳು. ಬುಧವಾರ ಕೊಚ್ಚಿಗೆ ಬಂದಳು. ಗುರುವಾರ ಸಂಜೆ ಚೀಲ ತೆರೆದವನು ಇಸ್ಮಾಯಿಲ್. ರಿಂಗಿನ ಮೂಲೆಯಲ್ಲಿ ನಿಂತು ಬಾಕ್ಸರಿನ ಗಾಯಕ್ಕೆ ಆರೈಕೆ ಮಾಡುವವನು. ಸಂಘಟಕರೇ ಗೊತ್ತುಮಾಡಿದ್ದವನು.

"ಯಾರ ಮೇಲೆ ಅನುಮಾನ?"

"ಹೆಸರು ಹೇಳ್ತಾ ಹೋದ್ರೆ ನಿಮ್ಮ ಕಾಗದ ಸಾಲಲ್ಲ ಮೇಡಂ. ಮೊಬೈಲ್ ತೆಗೀರಿ, ಎಲ್ಲರೂ ಅಲ್ಲೇ ಇದ್ದಾರೆ." ಮುಂದಿನ ಮಾತನ್ನು ಮಾತ್ರ ಕನ್ನಡದಲ್ಲಿ ಹೇಳಿದಳು. "ನಾನಿಲ್ಲಿ ಇದ್ದಾಗ ಒಬ್ಬರಿಗೂ ಬೇಡವಾಗಿದ್ದೆ. ಹೋದ ಮೇಲೆ ಎಲ್ಲರಿಗೂ ನಾನು ಅವರ ಸ್ವತ್ತು."

ಕಣ್ಣಿನ ಬಗ್ಗೆ ಅವಳು ಒಮ್ಮೆಯೂ ಕೇಳಲಿಲ್ಲ. ಪಂಕಜಾ ಹೊರಡುವಾಗ ಮಾತ್ರ ಎಡಗಣ್ಣು ಮುಚ್ಚಿಕೊಂಡು, ಪಟ್ಟಿಯೊಳಗಿಂದ ಬೆಳಕು ಕಾಣುತ್ತದೆಯೋ ಎಂದು ಕಿಟಕಿಯತ್ತ ಮುಖ ತಿರುಗಿಸಿದಳು. ಸ್ವಲ್ಪ ಹೊತ್ತು ಹಾಗೇ ಇದ್ದಳು.

ಠಾಣೆಗೆ ಮರಳುವಷ್ಟರಲ್ಲಿ ಬ್ರಿಟನ್ನಿನ ಹೈಕಮಿಷನ್ ಕಚೇರಿಯಿಂದ ಫೋನ್ ಬಂದಾಗಿತ್ತು. ಅದರ ಬೆನ್ನಿಗೆ ಎಸಿಪಿಯವರದು. ವಿದೇಶೀಯಳ ಮೇಲಾದ ಹಲ್ಲೆ, ಸಂಜೆಯೊಳಗೆ ಒಂದು ಬಂಧನ ಆಗಬೇಕು ಎಂದರು. ಇದೇ ಹುಡುಗಿ ಭಾರತದವಳಾಗಿಯೇ ಉಳಿದಿದ್ದರೆ ಈ ಎರಡು ಫೋನುಗಳಲ್ಲಿ ಒಂದೂ ಬರುತ್ತಿರಲಿಲ್ಲ. ಎಸ್ ಸರ್ ಎಂದು ಪಂಕಜಾ ಫೋನ್ ಇಟ್ಟಳು.

ಠಾಣೆಯ ಮುಂದೆ ಕ್ಯಾಮೆರಾಗಳಿದ್ದವು. ವಿಚಾರಣೆಗೆ ಕರೆಸಿದ್ದ ಇಸ್ಮಾಯಿಲನ ಹೆಸರು ಹೇಗೋ ಹೊರಬಿದ್ದು, ಆಗಲೇ ಒಂದು ಚಾನೆಲ್ಲು ಅವನ ಮೂಲ ಯಾವ ದೇಶ ಎಂದು ಕೇಳಲು ಶುರುಮಾಡಿತ್ತು. ಮೂರು ತಲೆಮಾರಿನಿಂದ ಕೊಚ್ಚಿಯ ಮಟ್ಟಾಂಚೇರಿಯಲ್ಲೇ ಇರುವ ಮನೆಯವನು ಬೆಂಚಿನ ತುದಿಯಲ್ಲಿ ಕೂತು, ತಲೆಯ ಮೇಲಿನ ಟಿ.ವಿ.ಯಲ್ಲಿ ತನ್ನ ಮುಖವನ್ನೇ ನೋಡುತ್ತಿದ್ದ. ಪಂಕಜಾ ಟಿ.ವಿ.ಯ ವಯರನ್ನು ಕಿತ್ತಳು.

"ಹಚ್ಚಿದ್ದು ನೀನೇ?"

"ನಾನೇ ಮೇಡಂ."

"ಬಣ್ಣ ಕಾಣಲಿಲ್ಲವಾ?"

"ಆ ಹಳದಿ ದೀಪದಲ್ಲಿ? ಹಳೇ ಡಬ್ಬಿ ಅಂದುಕೊಂಡೆ."

"ನಿನ್ನ ಕೈಗೆ ಏನೂ ಆಗಲಿಲ್ಲ."

"ಗ್ಲೌಸ್ ಇತ್ತಲ್ಲ. ಈಗ ಗ್ಲೌಸ್ ಇಲ್ಲದೆ ಬಾಕ್ಸರಿನ ಮುಖ ಮುಟ್ಟೋ ಹಾಗಿಲ್ಲ."

ಹೇಗೆ ಹಚ್ಚಿದೆ, ತೋರಿಸು ಎಂದಳು ಪಂಕಜಾ. ಸಚಿನ್ ಎದುರಿನ ಅಂಗಡಿಯಿಂದ ಒಂದು ಹೊಸ ಡಬ್ಬಿ ತಂದ. ಇಸ್ಮಾಯಿಲ್ ಮುಚ್ಚಳ ತೆಗೆದು, ಬಲಗೈಯ ಎರಡು ಬೆರಳಲ್ಲಿ ಒಂದು ಮುದ್ದೆ ಎತ್ತಿ, ಅದನ್ನು ನೇರ ಸಚಿನ್ನನ ಹುಬ್ಬಿಗೆ ಒಯ್ಯಲಿಲ್ಲ. ಮೊದಲು ತನ್ನ ಎಡಗೈಯ ಬೆನ್ನ ಮೇಲೆ, ಹೆಬ್ಬೆರಳಿನ ಬುಡದ ಹತ್ತಿರ, ಮೆತ್ತಿಕೊಂಡ. ಅಲ್ಲಿಂದ ಚೂರುಚೂರೇ ತೆಗೆದು ಹಚ್ಚಿದ.

"ಅದು ಎಂತಕ್ಕೆ ಅಲ್ಲಿ?"

"ಒಂದು ನಿಮಿಷದ ವಿರಾಮ ಮೇಡಂ. ಡಬ್ಬಿಗೆ ಬಗ್ಗೋಕೆ ಟೈಮ್ ಎಲ್ಲಿ? ಮೂಲೇಲಿ ನಿಂತವರೆಲ್ಲ ಹೀಗೇ. ಡಬ್ಬಿ ಮುಟ್ಟಿದ ಕೂಡ್ಲೇ ಕೈ ತಾನೇ ಅಲ್ಲಿಗೆ ಹೋಗುತ್ತೆ. ಮನೇಲಿ ಹೆಂಡತಿಯ ಕಾಲಿನ ಒಡಕಿಗೆ ಹಚ್ಚೋವಾಗಲೂ ನಾನು ಹಿಂಗೇ, ಬೈತಾಳೆ." ಅಷ್ಟು ಹೇಳಿ ಅವನು ನಗಲು ನೋಡಿದ. ಆಗಲಿಲ್ಲ.

ಪಂಕಜಾ ಅವನನ್ನು ಹಿಂಬಾಗಿಲಿನಿಂದ ಮನೆಗೆ ಕಳಿಸಿದಳು. ಬಂಧನ ಎಲ್ಲಿ ಎಂದು ಸಂಜೆ ಕೇಳಿದ ಎಸಿಪಿಯವರಿಗೆ, ನಾಳೆ ತುಂಬಕ್ಕೆ ಹೋಗುತ್ತೇನೆ ಸರ್ ಎಂದಳು. ಆ ಇಸ್ಮಾಯಿಲ್ ಇದ್ದಾನಲ್ಲ, ಅವನನ್ನು ಒಳಗೆ ಹಾಕಿ ಎಂದರು ಅವರು. ಅವನ ಹೆಸರು ಬಿಟ್ಟರೆ ಬೇರೆ ಸಾಕ್ಷ್ಯ ನನ್ನಲ್ಲಿಲ್ಲ ಸರ್ ಎಂದಳು.

ಶನಿವಾರ ಬೆಳಗ್ಗೆ ಅವಳೂ ಸಚಿನ್ನೂ ಜೀಪಿನಲ್ಲಿ ತಿರುವನಂತಪುರಕ್ಕೆ ಹೊರಟರು. ದಾರಿಯಲ್ಲಿ ಎರಡು ಸುದ್ದಿ ಬಂದವು. ಡಬ್ಬಿಯಲ್ಲಿದ್ದದ್ದು ಗೇರುಸಿಪ್ಪೆಯ ಎಣ್ಣೆಯೇ ಎಂದು ಪ್ರಯೋಗಾಲಯದವರು ಬಾಯಿಮಾತಿನಲ್ಲಿ ತಿಳಿಸಿದರು. ಇನ್ನೊಂದು, ಪಂದ್ಯ ನಡೆಯದಿದ್ದರೂ ಸಂಘಟಕರು ಗ್ರೇಸಿಯನ್ನು ವಿಜೇತೆ ಎಂದು ಘೋಷಿಸಿ, 'ಭಾರತಕ್ಕೆ ಜಯ' ಎಂದು ಹಾಕಿಕೊಂಡಿದ್ದರು. ಸಚಿನ್ ಮೊಬೈಲಿನಿಂದ ಅದನ್ನು ಓದಿ ಹೇಳಿದಾಗ ಪಂಕಜಾ ಕಿಟಕಿಯಾಚೆ ನೋಡುತ್ತ ಒಂದು ಕೆಟ್ಟ ಮಾತು ಅಂದಳು. ಸಚಿನ್ನಿಗೆ ಆ ಕನ್ನಡ ಪದ ಗೊತ್ತಿರಲಿಲ್ಲ. ಅರ್ಥವಾಗದೆ ಉಳಿಯಲೂ ಇಲ್ಲ.

ತುಂಬದ ಮರಳ ಮೇಲೆ ಗ್ರೇಸಿಯ ಇಬ್ಬರು ಅಣ್ಣಂದಿರು ದೋಣಿಯನ್ನು ಮಗುಚಿ ಹಾಕಿ ಎಣ್ಣೆ ಬಳಿಯುತ್ತಿದ್ದರು. ಹುಳ ಹಿಡಿಯದಂತೆ ಮರಕ್ಕೆ ಬಳಿಯುವ ಎಣ್ಣೆ, ಗೇರುಸಿಪ್ಪೆಯದೇ. ಆ ದಂಡೆಯಲ್ಲಿ ಪ್ರತಿ ದೋಣಿಯ ಪಕ್ಕ ಅದರದೊಂದು ತಗಡಿನ ಡಬ್ಬ. ಸಚಿನ್ ಪಂಕಜಾಳ ಮುಖ ನೋಡಿದ. ಕೇಸು ಮುಗಿಯಿತು ಎಂಬ ನೋಟ.

ಪೊಲೀಸರನ್ನು ಕಂಡು ಗ್ರೇಸಿ ಮನೆಯಿಂದ ಹೊರಗೆ ಬಂದಳು. ಕೂದಲನ್ನು ಎಳೆದು ಕಟ್ಟಿದ್ದಳು. ಅಳು ಬತ್ತಿ ಕೋಪವೊಂದೇ ಉಳಿದಿದ್ದ ಮುಖ.

"ಬಂದಿರಾ ಮೇಡಂ? ನಿನ್ನೆಯಿಂದ ಕಾಯ್ತಾ ಇದ್ದೇನೆ. ಎಣ್ಣೆ ಇಲ್ಲಿದೆ, ಅಣ್ಣಂದಿರು ಇಲ್ಲಿದ್ದಾರೆ, ನಾನು ಇಲ್ಲಿದ್ದೇನೆ. ಕರಕೊಂಡು ಹೋಗಿ."

"ಅವಳನ್ನು ಸೋಲಿಸಲು ನಿನಗೆ ಇದು ಬೇಕಿತ್ತಾ?"

"ಹನ್ನೆರಡನೇ ವಯಸ್ಸಿನಿಂದ ಅವಳ ಎಡಗೈ ನನಗೆ ಗೊತ್ತು. ಎಂಟನೇ ರೌಂಡಿನಲ್ಲಿ ಅದು ಕೆಳಗೆ ಬರ್ತದೆ. ಅಷ್ಟು ಗೊತ್ತಿದ್ದವಳಿಗೆ ಎಣ್ಣೆ ಎಂತಕ್ಕೆ?" ಅವಳು ಉಗುಳು ನುಂಗಿದಳು. "ಈಗ ನಾನು ಗೆದ್ದೆನಂತೆ. ಭಾರತ ಗೆದ್ದಿತಂತೆ. ಬೆಲ್ಟ್ ಕೊಡೋಕೆ ನಾಳೆ ಬರ್ತಾರೆ. ಬರ್ಲಿ, ಹೇಳ್ತೇನೆ."

ಪಂಕಜಾ ಅಣ್ಣಂದಿರನ್ನು ಕರೆದು ಕೈ ತೋರಿಸಲು ಹೇಳಿದಳು. ನಾಲ್ಕು ಅಂಗೈಗಳೂ ಕಪ್ಪು. ಬೆರಳಿನ ಸಂದುಗಳಲ್ಲಿ ವರ್ಷಗಟ್ಟಲೆಯ ಕಲೆ. ಕೈ ತಿರುಗಿಸಿ ಎಂದಳು. ಕೈಬೆನ್ನುಗಳು ಬಿಸಿಲಿಗೆ ಕಂದಿದ್ದವು ಅಷ್ಟೇ, ಸುಟ್ಟಿರಲಿಲ್ಲ. ಗ್ರೇಸಿಯ ಕೈಗಳು ಎರಡೂ ಕಡೆ ಸ್ವಚ್ಛ. ಕೈಬೆನ್ನಿನಿಂದ ದೋಣಿಗೆ ಎಣ್ಣೆ ಬಳಿಯುವವರು ಯಾರೂ ಇಲ್ಲ.

ಮಂಗಳವಾರ ಮಧ್ಯಾಹ್ನ ಅನ್ವಿತಾ ಇಲ್ಲಿ ಊಟಕ್ಕೆ ಕೂತಾಗ ಯಾರೆಲ್ಲ ಇದ್ದಿರಿ ಎಂದು ಪಂಕಜಾ ವಿಚಾರಿಸಿದಳು. ಎಲ್ಲರೂ ಇದ್ದೆವು ಎಂದಳು ಗ್ರೇಸಿ. ಅಣ್ಣಂದಿರು, ಅಮ್ಮ, ಪಕ್ಕದ ಮನೆಯವರು. ಮಾಸ್ಟರರನ್ನೂ ಕರೆದಿದ್ದೆವು, ಹಸಿವಿಲ್ಲ ಎಂದರು. ಹೇಳಿ ಮುಗಿಸಿದವಳು ತಾನು ಹೇಳಿದ್ದನ್ನೇ ಮತ್ತೊಮ್ಮೆ ಕೇಳಿಸಿಕೊಂಡವಳಂತೆ ಪಂಕಜಾಳನ್ನು ನೋಡಿದಳು.

ಶೆಡ್ಡು ನೂರು ಹೆಜ್ಜೆಯಾಚೆ, ತೆಂಗಿನ ಸಾಲಿನ ನಡುವೆ ಇತ್ತು. ಕಾರ್ತಿಕೇಯನ್ ಮಾಸ್ಟರ್, ಅರವತ್ತೆರಡರ ಗಟ್ಟಿ ಮನುಷ್ಯ, ಮರಳಿನ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದರು. ಸೈನ್ಯದಲ್ಲಿದ್ದಾಗ ಆರು ವರ್ಷ ಬೆಂಗಳೂರಿನಲ್ಲಿ ಕಳೆದವರು. ಪಂಕಜಾಳ ಹೆಸರಿನ ಪಟ್ಟಿ ನೋಡಿ, ಮಾತು ಕೇಳಿ, ಕನ್ನಡಕ್ಕೇ ಹೊರಳಿದರು. ಗೋಡೆಯ ಮೇಲೆ ಒಂದು ಫೋಟೋ ಇತ್ತು. ಹನ್ನೆರಡರ ಆಸುಪಾಸಿನ ಇಬ್ಬರು ಹುಡುಗಿಯರು, ಹಲ್ಲು ಬಿಟ್ಟ ನಗು, ನಡುವೆ ಇವರು, ಒಬ್ಬೊಬ್ಬಳ ಹೆಗಲ ಮೇಲೆ ಒಂದೊಂದು ಕೈ.

ಅವರ ಎಡಗೈಗೆ ಬೆರಳಿನ ಗೆಣ್ಣಿನಿಂದ ಮಣಿಕಟ್ಟಿನವರೆಗೆ ಬಾಕ್ಸಿಂಗ್ ಪಟ್ಟಿ ಸುತ್ತಿತ್ತು. ಬಲಗೈ ಬರಿದಾಗಿತ್ತು.

"ಎಡಗೈಗೆ ಎಂತ ಆಯಿತು ಮಾಸ್ಟರ್?"

"ಉಳುಕು."

"ಯಾವಾಗ?"

"ಬುಧವಾರ."

"ಬಿಚ್ಚಿ."

ಅವರು ಸೂಜಿಯನ್ನು ಚೀಲಕ್ಕೆ ಚುಚ್ಚಿಟ್ಟರು. ಎದ್ದು ನಿಂತರು. ಪಟ್ಟಿಯ ತುದಿಯನ್ನು ಹಲ್ಲಿನಿಂದ ಹಿಡಿದು ಬಿಡಿಸಿ, ಬಿಚ್ಚುತ್ತ ಹೋದರು. ಬಾಕ್ಸರನ ಪಟ್ಟಿ ಉದ್ದ. ಕೊನೆಯ ಸುತ್ತು ಚರ್ಮಕ್ಕೆ ಅಂಟಿಕೊಂಡಿತ್ತು. ಅದನ್ನೂ ಎಳೆದರು. ಹೆಬ್ಬೆರಳಿನ ಬುಡದ ಹತ್ತಿರ, ಕೈಬೆನ್ನಿನ ಮೇಲೆ, ರೂಪಾಯಿ ಅಗಲದ ಹುಣ್ಣು. ಗುಳ್ಳೆ ಒಡೆದು ಹಸಿಯಾಗಿತ್ತು. ಸುತ್ತ ಕಪ್ಪು ಅಂಚು.

ಸಚಿನ್ನನ ಉಸಿರು ಕೇಳಿಸಿತು. ನಿನ್ನೆ ಅವನ ಹುಬ್ಬಿಗೆ ಹಚ್ಚುವಾಗ ಇಸ್ಮಾಯಿಲ್ ಮೊದಲು ಮೆತ್ತಿಕೊಂಡದ್ದು ಇದೇ ಜಾಗಕ್ಕೆ.

"ಬೆರೆಸಿದ ಮೇಲೆ ಹೇಗಿದೆ ಅಂತ ನೋಡಿದಿರಿ," ಎಂದಳು ಪಂಕಜಾ. "ಕೈ ತಾನೇ ಅಲ್ಲಿಗೆ ಹೋಯಿತು."

ಅವರು ಹುಣ್ಣನ್ನೇ ನೋಡುತ್ತಿದ್ದರು. "ಒರೆಸಿಕೊಂಡೆ. ಏನೂ ಆಗಲಿಲ್ಲ ಆವಾಗ," ಎಂದರು.

ಶೆಡ್ಡಿನ ಹಿಂದಿದ್ದ ಎಣ್ಣೆಯ ಡಬ್ಬವನ್ನೂ ಕಲಕಲು ಬಳಸಿದ ಕಡ್ಡಿಯನ್ನೂ ಪಂಚರ ಎದುರು ವಶಪಡಿಸಿಕೊಳ್ಳಲಾಯಿತು. ಕೈಯ ಹುಣ್ಣನ್ನು ಸರ್ಕಾರಿ ವೈದ್ಯರು ಪರೀಕ್ಷಿಸಿ ಫೋಟೋ ತೆಗೆದರು. ಸಂಜೆ ನಾಲ್ಕೂಕಾಲಿಗೆ ಬಂಧನ ದಾಖಲಾಯಿತು. ಜೀಪಿನತ್ತ ನಡೆಯುವಾಗ ದೋಣಿಯ ಹತ್ತಿರ ಗ್ರೇಸಿ ನಿಂತಿದ್ದಳು. ಮಾಸ್ಟರ್ ತಲೆ ಎತ್ತಿದರು. ಅವಳು ಬೆನ್ನು ತಿರುಗಿಸಿದಳು.

ಹೇಳಿಕೆ ಕೊಡುವಾಗ ಕಾರ್ತಿಕೇಯನ್ ಏನನ್ನೂ ಮುಚ್ಚಿಡಲಿಲ್ಲ. ಮಂಗಳವಾರ ಅನ್ವಿತಾ ಶೆಡ್ಡಿಗೆ ಬಂದು ಅವರ ಕಾಲಿಗೆರಗಿ, ಶನಿವಾರ ತನ್ನ ಮೂಲೆಯಲ್ಲಿ ನಿಲ್ಲಬೇಕೆಂದು ಕೇಳಿದಳು. ಹಿಂದಿನ ದಿನ ಗ್ರೇಸಿಯೂ ಅದನ್ನೇ ಕೇಳಿದ್ದಳು. ಅನ್ವಿತಾ ಚೀಲದಿಂದ ಹೊಸ ನಿಲುವಂಗಿ ತೆಗೆದು ತೋರಿಸಿದಳು. ಬೆನ್ನ ಮೇಲೆ ಬ್ರಿಟನ್ನಿನ ಧ್ವಜ. ಪಂದ್ಯಕ್ಕೆ ಮೊದಲು ಎರಡು ದೇಶಗಳ ಗೀತೆ ನುಡಿಸುತ್ತಾರೆ ಎಂದಳು.

"ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದವನು ಮೇಡಂ ನಾನು. ಆ ಗೀತೆಗೆ ಎದ್ದು ನಿಲ್ಲಬೇಕಿತ್ತು. ಅವಳ ಕೈಗೆ ಮೊದಲು ಪಟ್ಟಿ ಕಟ್ಟಿದವನು ನಾನು. ಈ ಕೈ ದೇಶದ್ದು ಅಂತ ಹೇಳಿಯೇ ಕಟ್ಟಿದ್ದು. ಪಾಸ್‌ಪೋರ್ಟ್ ಬದಲಿಸುವಾಗ ನನ್ನನ್ನು ಒಂದು ಮಾತು ಕೇಳಲಿಲ್ಲ."

"ದೇಶದ ಶಿಬಿರಕ್ಕೆ ಅವಳನ್ನು ಸೇರಿಸದಿದ್ದಾಗ ದೇಶವನ್ನು ಕೇಳಿದಿರಾ?"

ಹುಬ್ಬಿನ ಮೇಲೆ ನಾಲ್ಕು ಗುಳ್ಳೆ ಎದ್ದರೆ ವೈದ್ಯರು ಪಂದ್ಯಕ್ಕೆ ಬಿಡುವುದಿಲ್ಲ, ಅಷ್ಟೇ ತನಗೆ ಬೇಕಾಗಿದ್ದದ್ದು ಎಂದರು ಅವರು. ಕಣ್ಣು ಬೇಕಿರಲಿಲ್ಲ.

"ಹುಬ್ಬಿಗೆ ಹಚ್ಚಿದ್ದು ಬೆವರಿನಲ್ಲಿ ಎಲ್ಲಿಗೆ ಇಳಿಯುತ್ತದೆ ಎಂದು ನಿಮಗೆ ಗೊತ್ತಿರಲಿಲ್ಲ?"

"ಇಪ್ಪತ್ತು ವರ್ಷಕ್ಕೂ ಮೇಲೆ ಈ ಮಕ್ಕಳ ಬೆವರು ಒರೆಸಿದೆ," ಎಂದರು ಮಾಸ್ಟರ್. "ಆವತ್ತು ಬೆವರು ನೆನಪಾಗಲಿಲ್ಲ. ಸಿಟ್ಟಿನಲ್ಲಿದ್ದೆ."

ಪಂಕಜಾ ಅದನ್ನು ಹಾಗೆಯೇ ಬರೆಸಿಕೊಂಡಳು. ನಂಬಿದಳೋ ಇಲ್ಲವೋ, ಆ ಖಾನೆ ಹೇಳಿಕೆಯ ಕಾಗದದಲ್ಲಿ ಇರುವುದಿಲ್ಲ.

ಅನ್ವಿತಾಳನ್ನು ಅಷ್ಟರಲ್ಲಿ ಉಳ್ಳೂರಿನ ಮನೆಗೆ ಹತ್ತಿರದ ಆಸ್ಪತ್ರೆಗೆ ತಂದಿದ್ದರು. ಭಾನುವಾರ ಬೆಳಗ್ಗೆ ಪಂಕಜಾ ಅಲ್ಲಿಗೆ ಹೋದಳು. ಓಣಿಯಲ್ಲೇ ಕಾಶೀನಾಥರು ಸಿಕ್ಕರು. ಬೆಳಕು, ನೆರಳು ಕಾಣುತ್ತದೆ, ಅದರಾಚೆಗೆ ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದರಂತೆ ವೈದ್ಯರು. "ಕುಂಬಾರಗ ವರುಷ, ದೊಣ್ಣಿಗ ನಿಮಿಷ," ಎಂದು ಕನ್ನಡಕ ತೆಗೆದು ಒರೆಸಿಕೊಂಡರು.

ಮಾಸ್ಟರರ ಹೆಸರು ಹೇಳಿದಾಗ ಅನ್ವಿತಾ ಅಲುಗಾಡಲಿಲ್ಲ. ಹಾಸಿಗೆಯ ಮೇಲಿದ್ದ ಎರಡು ಕೈಗಳೂ ನಿಧಾನವಾಗಿ ಮುಷ್ಟಿಯಾದವು.

"ಸಾವಿರ ಜನ ನನ್ನನ್ನ ಬ್ರಿಟಿಷ್ ಅಂತ ಬೈದ್ರು," ಎಂದಳು, ಅಪ್ಪನ ಕನ್ನಡದಲ್ಲಿ. "ಒಬ್ಬರೂ ನನ್ನ ಮೈ ಮುಟ್ಟಲಿಲ್ಲ. ನಮ್ಮಾಕಿ ಅಂದವರು ಮುಟ್ಟಿದ್ರು."

ಪಂಕಜಾ ಸಹಿ ಬೇಕಿದ್ದ ಕಾಗದವನ್ನು ಮುಂದಿಟ್ಟಳು. ಅನ್ವಿತಾ ಒಂದು ಮುಷ್ಟಿ ಬಿಚ್ಚಿ ಪೆನ್ನು ಹಿಡಿದು, ಒಂದೇ ಕಣ್ಣಿಗೆ ಗೆರೆಯ ದೂರ ಸರಿಯಾಗಿ ಸಿಗದೆ, ಕಾಗದದಾಚೆ ಹಾಸಿಗೆಯ ಮೇಲೆ ಮೊದಲ ಅಕ್ಷರ ಬರೆದಳು. ಕಾಶೀನಾಥರು ಅವಳ ಕೈ ಹಿಡಿಯಲು ಬಾಗಿದರು. ಅವಳು ಕೊಸರಿಕೊಂಡಳು. ಇನ್ನೊಂದು ಕೈಯ ಬೆರಳಿನಿಂದ ಗೆರೆಯನ್ನು ತಡಕಿ ಹಿಡಿದು, ಹೆಸರು ಪೂರ್ತಿ ಬರೆದಳು.